ಕೈಬರಹದ ಗಣಿತವನ್ನು ಟೈಪ್ ಮಾಡದೆ ಹಂಚಿಕೊಳ್ಳುವುದು ಹೇಗೆ?

ಕನ್ನಡ ಟೈಪ್ ಮಾಡುವುದನ್ನು ಎಷ್ಟೋ ಜನ ಕಲಿತಾಗಿದೆ. ಗಣಿತ ಟೈಪ್ ಮಾಡುವುದು ಮಾತ್ರ ಇವತ್ತಿಗೂ ತಲೆನೋವು. ಹತ್ತನೇ ತರಗತಿಯ ವರ್ಗ ಸಮೀಕರಣದ ಸೂತ್ರವನ್ನೇ ತೆಗೆದುಕೊಳ್ಳಿ. ಮೈನಸ್ ಬಿ, ಪ್ಲಸ್ ಆರ್ ಮೈನಸ್, ವರ್ಗಮೂಲದೊಳಗೆ ಬಿ ವರ್ಗ ಮೈನಸ್ 4ಎಸಿ, ಇಷ್ಟೂ ಸೇರಿ ಕೆಳಗೆ 2ಎ. ಹಾಳೆಯ ಮೇಲೆ ಕ್ಷಣದ ಕೆಲಸ. ಕೀಬೋರ್ಡಿನಲ್ಲಾದರೆ ಮೆನು ಹುಡುಕಿ, ಖಾನೆ ತುಂಬಿ, ಬಾಣದ ಕೀಲಿ ಒತ್ತಿ ಒತ್ತಿ ಸಾಕಾಗಿಹೋಗುತ್ತದೆ.

ಪೆನ್ನಿನಲ್ಲಿ ಬರೆದದ್ದನ್ನೇ ಕಂಪ್ಯೂಟರ್ ಓದಿಕೊಳ್ಳಲಿ ಎಂಬ ಆಸೆ ಹಳೆಯದು. ಹಾರ್ವರ್ಡ್‌ನಲ್ಲಿ ರಾಬರ್ಟ್ ಆಂಡರ್ಸನ್ 1960ರ ದಶಕದ ಕೊನೆಯಲ್ಲೇ ಇದೇ ವಿಷಯದ ಮೇಲೆ ಪಿಎಚ್‌ಡಿ ಮಾಡಿದ್ದರು. ಮನೆಮನೆಯ ಕಂಪ್ಯೂಟರಿಗೆ ಅದು ಬಂದದ್ದು 2009ರಲ್ಲಿ, ವಿಂಡೋಸ್ 7ರ ಜೊತೆಗೆ. ಈಗ ವರ್ಡ್, ಒನ್‌ನೋಟ್, ಐಪ್ಯಾಡ್, ಮೊಬೈಲ್ ಆ್ಯಪ್ ಎಲ್ಲದರಲ್ಲೂ ಇದೆ. ಆದರೂ ಒಂದೆರಡು ಸಲ ಬರೆದು, ತಪ್ಪು ಓದಿತು ಅಂತ ಕೈಬಿಟ್ಟವರು ಸುತ್ತಮುತ್ತ ಸಿಗುತ್ತಾರೆ. ನನ್ನ ಪ್ರಕಾರ ದೂರು ಅಕ್ಷರದ ಅಂದದ ಬಗ್ಗೆ ಇರಬೇಕಾಗಿಲ್ಲ. ಯಂತ್ರ ಏನನ್ನು ನೋಡುತ್ತದೆ ಎಂದು ಗೊತ್ತಿದ್ದರೆ ಗೀಚು ಬರಹವೂ ನಡೆಯುತ್ತದೆ.

ಯಂತ್ರ ನೋಡುವುದು ಏನನ್ನು?

ಒಂದು ಅಡ್ಡಗೆರೆ ಎಳೆಯಿರಿ. ಅದು ಮೈನಸ್ ಇರಬಹುದು. ಭಿನ್ನರಾಶಿಯ ಗೆರೆ ಇರಬಹುದು. ಸಮ ಚಿಹ್ನೆಯ ಅರ್ಧ ಇರಬಹುದು. ವರ್ಗಮೂಲದ ಚಾವಣಿ, ಇಲ್ಲವೇ ಸರಾಸರಿ ತೋರಿಸಲು ಎಕ್ಸ್ ತಲೆಯ ಮೇಲೆ ಹಾಕುವ ಬಾರ್ ಕೂಡ ಆಗಬಹುದು. ಗೆರೆ ಒಂದೇ. ಅದರ ಮೇಲೆ ಏನಿದೆ, ಕೆಳಗೆ ಏನಿದೆ, ಎಷ್ಟು ಉದ್ದ ಇದೆ ಎಂಬುದರಿಂದಲೇ ಅದು ಏನು ಎಂದು ತೀರ್ಮಾನ ಆಗಬೇಕು.

ಇಂಗ್ಲಿಷ್ ಸಾಲನ್ನು ಎಡದಿಂದ ಬಲಕ್ಕೆ ಓದಿದರೆ ಮುಗಿಯಿತು. ಗಣಿತ ಹಾಗಲ್ಲ, ಮೇಲೆ ಕೆಳಗೂ ಓದಬೇಕು. ಒತ್ತಕ್ಷರ ಬರೆದು ಬೆಳೆದ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು ಅಲ್ವಾ? ಕೆಳಗೆ ಕೂತ ಅಕ್ಷರಕ್ಕೂ ಪಕ್ಕದಲ್ಲಿ ಕೂತ ಅಕ್ಷರಕ್ಕೂ ಎಷ್ಟು ವ್ಯತ್ಯಾಸ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗಾಗಿ ತಂತ್ರಾಂಶ ಮೂರು ಕೆಲಸ ಮಾಡುತ್ತದೆ. ಯಾವ ಯಾವ ಗೆರೆ ಸೇರಿ ಒಂದು ಚಿಹ್ನೆ ಆಯಿತು ಎಂದು ವಿಂಗಡಿಸುತ್ತದೆ, ಆ ಚಿಹ್ನೆ ಯಾವುದು ಎಂದು ಊಹಿಸುತ್ತದೆ, ಚಿಹ್ನೆಗಳ ನಡುವಿನ ಸಂಬಂಧ ಹುಡುಕುತ್ತದೆ. ಉದಾಹರಣೆಗಳನ್ನು ನೋಡಿ ಕಲಿಯುವ ಹೊಸ ನ್ಯೂರಲ್ ನೆಟ್‌ವರ್ಕ್‌ಗಳು ಈ ಮೂರನ್ನೂ ಒಟ್ಟಿಗೇ ಮಾಡುತ್ತವೆ. 2011ರಲ್ಲಿ ಸಂಶೋಧಕರು ಇದಕ್ಕಾಗಿಯೇ ಕ್ರೋಮ್ ಎಂಬ ಸ್ಪರ್ಧೆ ಶುರು ಮಾಡಿದರು. ಬ್ರೌಸರಿಗೂ ಅದಕ್ಕೂ ಸಂಬಂಧವಿಲ್ಲ, ಉಚ್ಚಾರಣೆ ಮಾತ್ರ ಒಂದೇ.

ಇನ್ನೊಂದು ವಿಷಯ. ಪರದೆಯ ಮೇಲೆ ಬರೆದರೆ ಯಂತ್ರಕ್ಕೆ ಚಿತ್ರ ಮಾತ್ರವಲ್ಲ, ಪೆನ್ನು ಎಲ್ಲಿಂದ ಎಲ್ಲಿಗೆ, ಯಾವ ಕ್ರಮದಲ್ಲಿ ಹೋಯಿತು ಎಂಬುದೂ ಸಿಗುತ್ತದೆ. ಹಾಳೆಯ ಫೋಟೊದಲ್ಲಿ ಅದು ಇರುವುದಿಲ್ಲ. ಅದಕ್ಕೇ ಆಗುವಷ್ಟು ಮಟ್ಟಿಗೆ ಪರದೆಯ ಮೇಲೆಯೇ ಬರೆಯಿರಿ ಎನ್ನುತ್ತೇನೆ.

ಮೊದಲ ಹೆಜ್ಜೆ: ಬರೆಯುವ ಸಾಧನ

ಸ್ಟೈಲಸ್ ಇರುವ ಟ್ಯಾಬ್ ಅಥವಾ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಕೊರೊನಾ ಕಾಲದ ಆನ್‌ಲೈನ್ ಕ್ಲಾಸಿಗೆಂದು ಕೊಂಡ ಪೆನ್ ಟ್ಯಾಬ್ಲೆಟ್ ಮೂಲೆ ಸೇರಿದ್ದರೆ ಧೂಳು ಒರೆಸಿ ಹೊರತೆಗೆಯಿರಿ. ಯುಎಸ್‌ಬಿ ಚುಚ್ಚಿದರೆ ಸಾಕು. ಮೌಸ್‌ನಲ್ಲೂ ಬರೆಯಬಹುದು, ಒಂದೆರಡು ಸೂತ್ರಕ್ಕೆ ಅಡ್ಡಿಯಿಲ್ಲ, ಇಡೀ ಪ್ರಶ್ನೆಪತ್ರಿಕೆಗೆ ಬೇಡ.

ಎರಡನೇ ಹೆಜ್ಜೆ: ವರ್ಡ್‌ನಲ್ಲಿ ಬರೆಯುವ ಕಿಟಕಿ

ಇಲ್ಲಿ ವರ್ಡ್ ಉದಾಹರಣೆ ಕೊಡುತ್ತೇನೆ, ಯಾಕೆಂದರೆ ಶಾಲೆ ಕಾಲೇಜುಗಳ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಇರುವುದು ಅದೇ. ಇನ್ಸರ್ಟ್ ಮೆನುವಿನಲ್ಲಿ ಈಕ್ವೇಶನ್ ಪಕ್ಕದ ಸಣ್ಣ ಬಾಣ ಒತ್ತಿ. ಪಟ್ಟಿಯ ಕೊನೆಯಲ್ಲಿ ಇಂಕ್ ಈಕ್ವೇಶನ್ ಇರುತ್ತದೆ. ಹೊಸ ಆವೃತ್ತಿಗಳಲ್ಲಿ ಡ್ರಾ ಮೆನುವಿನ ಇಂಕ್ ಟು ಮ್ಯಾತ್ ಮೂಲಕವೂ ಹೋಗಬಹುದು. ತೆರೆದ ಕಿಟಕಿಯಲ್ಲಿ ಕೆಳಗೆ ನೀವು ಬರೆಯುವ ಜಾಗ, ಮೇಲೆ ಯಂತ್ರ ಓದಿದ್ದು. ವಿಂಡೋಸ್‌ನಲ್ಲಿ ಇದು ಕೆಲಸ ಮಾಡದಿದ್ದರೆ ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಮ್ಯಾತ್ ರೆಕಗ್ನೈಸರ್ ಇದೆಯೇ ನೋಡಿ, ಇಲ್ಲದಿದ್ದರೆ ಸೇರಿಸಿ.

ಮೂರನೇ ಹೆಜ್ಜೆ: ಬರೆಯುವುದು

ಕೈ ನಿಧಾನವಾಗಬೇಕಾದ್ದು ಇಲ್ಲಿಯೇ. ದೊಡ್ಡದಾಗಿ ಬರೆಯಿರಿ. ಘಾತ, ಅಂದರೆ ಬಿ ವರ್ಗದ ಆ 2, ನಿಜಕ್ಕೂ ಚಿಕ್ಕದಾಗಿರಲಿ, ನಿಜಕ್ಕೂ ಮೇಲಿರಲಿ. ಅರ್ಧ ಮೇಲೆ, ಅರ್ಧ ಪಕ್ಕದಲ್ಲಿ ಬರೆದರೆ ಬಿ ವರ್ಗ ಹೋಗಿ ಬಿ 2 ಆಗುತ್ತದೆ. ವರ್ಗಮೂಲದ ಚಾವಣಿಯನ್ನು 4ಎಸಿ ಮುಗಿಯುವವರೆಗೂ ಎಳೆಯಿರಿ. ಸಿ ಹೊರಗೆ ಉಳಿದರೆ ಸೂತ್ರವೇ ಬೇರೆ. ಭಿನ್ನರಾಶಿಯ ಗೆರೆ ಮೇಲಿನ ಸಾಲಿಗಿಂತ ಸ್ವಲ್ಪ ಉದ್ದ ಇರಲಿ. ಒಂದು ಚಿಹ್ನೆ ಮುಗಿಸಿ ಇನ್ನೊಂದಕ್ಕೆ ಹೋಗಿ. ಎಲ್ಲ ಬರೆದಾದ ಮೇಲೆ ಹಿಂದಿರುಗಿ ಟಿ ಅಕ್ಷರಕ್ಕೆ ಅಡ್ಡಗೆರೆ ಹಾಕುವ ಅಭ್ಯಾಸ ಬಿಡಿ.

ಗೊಂದಲದ ಜೋಡಿಗಳು ಗೊತ್ತಿರಲಿ: 2 ಮತ್ತು ಝಡ್, 5 ಮತ್ತು ಎಸ್, 9 ಮತ್ತು ಕ್ಯೂ, 6 ಮತ್ತು ಬಿ, ಎಕ್ಸ್ ಮತ್ತು ಗುಣಾಕಾರದ ಗುರುತು. ಝಡ್ ಹೊಟ್ಟೆಗೆ ಒಂದು ಅಡ್ಡಗೆರೆ ಹಾಕಿ. ಎಕ್ಸ್ ಅನ್ನು ಬೆನ್ನಿಗೆ ಬೆನ್ನು ಕೊಟ್ಟ ಎರಡು ಕಮಾನಿನಂತೆ ಬರೆಯಿರಿ. ಎಷ್ಟೋ ಗಣಿತ ಮೇಷ್ಟ್ರುಗಳು ಬೋರ್ಡಿನ ಮೇಲೆ ಹೀಗೆಯೇ ಬರೆಯುತ್ತಾರೆ, ಅದಕ್ಕೆ ಕಾರಣ ಇದೆ.

ಕನ್ನಡ ಪದಗಳನ್ನು ಈ ಕಿಟಕಿಯಲ್ಲಿ ಬರೆಯಬೇಡಿ. ‘ಆದ್ದರಿಂದ’ ಎಂದು ಗೀಚಿದರೆ ಅದನ್ನೂ ಯಾವುದೋ ಗಣಿತ ಚಿಹ್ನೆ ಎಂದೇ ಓದಲು ನೋಡುತ್ತದೆ. ಅಂಕಿಗಳೂ 1, 2, 3 ಇರಲಿ. ವಿವರಣೆಯನ್ನು ಹೊರಗೆ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದರೆ, ಆ ಫಾಂಟ್ ಇಲ್ಲದವರ ಕಂಪ್ಯೂಟರಿನಲ್ಲಿ ಸೂತ್ರ ಸರಿಯಾಗಿ ಕಂಡು ಕನ್ನಡವೇ ಕಲಸಿಹೋಗುತ್ತದೆ.

ನಾಲ್ಕನೇ ಹೆಜ್ಜೆ: ತಿದ್ದುವುದು

ಮಧ್ಯದಲ್ಲಿ ತಪ್ಪು ಕಂಡ ಕೂಡಲೇ ಅಳಿಸಬೇಡಿ. ಪೂರ್ತಿ ಬರೆದು ಮುಗಿಸಿ, ಆಮೇಲೆ ನೋಡಿ. ಮುಂದಿನ ಚಿಹ್ನೆಗಳು ಬಂದ ಹಾಗೆ ಯಂತ್ರ ಹಿಂದಿನ ಊಹೆಯನ್ನು ತಾನೇ ಬದಲಿಸಿಕೊಳ್ಳುತ್ತದೆ. ಕೆಳಗೆ 2ಎ ಬರುವವರೆಗೂ ಉದ್ದನೆಯ ಗೆರೆ ಅದಕ್ಕೆ ಮೈನಸ್ ಆಗಿಯೇ ಕಂಡಿರಬಹುದು.

ಪೂರ್ತಿ ಆದ ಮೇಲೂ ತಪ್ಪು ಉಳಿದಿದ್ದರೆ ಸೆಲೆಕ್ಟ್ ಆ್ಯಂಡ್ ಕರೆಕ್ಟ್ ಒತ್ತಿ, ತಪ್ಪಾದ ಚಿಹ್ನೆಯ ಸುತ್ತ ಗೆರೆ ಎಳೆಯಿರಿ. ಪಟ್ಟಿಯೊಂದು ಬರುತ್ತದೆ, ಸರಿಯಾದದ್ದನ್ನು ಆರಿಸಿ. ಅದೇ ಚಿಹ್ನೆಯನ್ನು ಅಳಿಸಿ ಅದೇ ರೀತಿ ಮತ್ತೆ ಬರೆದರೆ ಅದೇ ತಪ್ಪು ಬರುವ ಸಂಭವ ಜಾಸ್ತಿ. ಕೊನೆಗೆ ಇನ್ಸರ್ಟ್.

ಬರೆದದ್ದು ಈಗಾಗಲೇ ನೋಟ್ ಬುಕ್ಕಿನಲ್ಲಿದ್ದರೆ ಮ್ಯಾಥ್‌ಪಿಕ್ಸ್‌ನಂಥ ಆ್ಯಪ್ ಇದೆ. ಫೋಟೊ ತೆಗೆದರೆ ಸೂತ್ರವನ್ನು ಲೇಟೆಕ್ ರೂಪದಲ್ಲಿ, ಅಂದರೆ ಗಣಿತವನ್ನು ಸಾದಾ ಅಕ್ಷರಗಳಲ್ಲೇ ಬರೆಯುವ ಸಂಕೇತದಲ್ಲಿ, ಕೊಡುತ್ತದೆ. ನೇರ ಬೆಳಕು, ನೆರಳಿಲ್ಲದ ಹಾಳೆ, ಒಂದು ಫೋಟೊಗೆ ಒಂದೇ ಲೆಕ್ಕ, ಇಷ್ಟು ನೋಡಿಕೊಳ್ಳಿ. ಫೋಟೊ ಅವರ ಸರ್ವರಿಗೆ ಹೋಗುತ್ತದೆ, ಹಾಗಾಗಿ ಇನ್ನೂ ನಡೆಯದ ಪರೀಕ್ಷೆಯ ಪ್ರಶ್ನೆಗಳನ್ನು ಹಾಕಬೇಡಿ. ಫೋಟೊಮ್ಯಾಥ್ ಬೇರೆ ಥರದ್ದು, ಅದು ಲೆಕ್ಕ ಬಿಡಿಸಿ ತೋರಿಸುವ ಆ್ಯಪ್. ಐಪ್ಯಾಡ್‌ನಲ್ಲಿ 2024ರಲ್ಲಿ ಬಂದ ಮ್ಯಾತ್ ನೋಟ್ಸ್‌ನಲ್ಲಿ ಸಮ ಚಿಹ್ನೆ ಹಾಕಿದರೆ ಸಾಕು, ಉತ್ತರವನ್ನು ನಿಮ್ಮದೇ ಕೈಬರಹದ ಹಾಗೆ ಬರೆದುಕೊಡುತ್ತದೆ. ಮಕ್ಕಳಿಗೆ ತೋರಿಸುವ ಮೊದಲು ಯೋಚಿಸಿ!

ಐದನೇ ಹೆಜ್ಜೆ: ಹಂಚುವುದು

ಯಾರಿಗೆ ಕಳಿಸುತ್ತೀರಿ ಎಂಬುದನ್ನು ನೋಡಿ ರೂಪ ಆರಿಸಿ. ವಾಟ್ಸ್‌ಆ್ಯಪ್ ಗುಂಪಿಗಾದರೆ ಚಿತ್ರವೇ ಸರಿ. ಸೂತ್ರ ಪರದೆಯ ಮೇಲಿರುವಾಗ ವಿಂಡೋಸ್, ಶಿಫ್ಟ್, ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬೇಕಾದಷ್ಟು ಭಾಗ ಕತ್ತರಿಸಿ ಕಳಿಸಿ. ಸಹೋದ್ಯೋಗಿ ಅದನ್ನು ತಿದ್ದಬೇಕಿದ್ದರೆ ವರ್ಡ್ ಕಡತವನ್ನೇ ಕೊಡಿ.

ವಿಕಿಪೀಡಿಯಕ್ಕೆ, ಅಥವಾ ಆನ್‌ಲೈನ್ ಪಾಠಗಳಿಗೆ ಬಳಸುವ ಮೂಡಲ್‌ಗೆ ಲೇಟೆಕ್ ಬೇಕು. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಮಾಡಿದ ಟೆಕ್ ಎಂಬ ಅಚ್ಚುಜೋಡಣೆ ವ್ಯವಸ್ಥೆಯ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ್ದು ಇದು. ಜಗತ್ತಿನ ಗಣಿತಜ್ಞರು ಪ್ರಬಂಧ ಬರೆಯುವುದು ಸಾಮಾನ್ಯವಾಗಿ ಇದರಲ್ಲೇ. ನೀವು ಕಲಿಯಬೇಕಾಗಿಲ್ಲ. ವರ್ಡ್‌ನ ಹೊಸ ಆವೃತ್ತಿಯಲ್ಲಿ ಸೂತ್ರದ ಮೇಲೆ ಕ್ಲಿಕ್ ಮಾಡಿ, ಈಕ್ವೇಶನ್ ಮೆನುವಿನಲ್ಲಿ ಲೇಟೆಕ್ ಆರಿಸಿ, ಲೀನಿಯರ್ ರೂಪಕ್ಕೆ ಬದಲಿಸಿದರೆ ಬರಹ ರೂಪ ಸಿಗುತ್ತದೆ. ಕನ್ನಡ ವಿಕಿಪೀಡಿಯದ ಪುಟದಲ್ಲಿ ಅದನ್ನು ಮ್ಯಾತ್ ಟ್ಯಾಗ್‌ಗಳ ನಡುವೆ ಅಂಟಿಸಿ.

ಕಣ್ಣು ಕಾಣದ ವಿದ್ಯಾರ್ಥಿ ಓದುವುದಿದ್ದರೆ ಚಿತ್ರ ಖಂಡಿತ ಬೇಡ. ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್‌ಗೆ ಚಿತ್ರದಲ್ಲಿರುವ ಸೂತ್ರ ಗೊತ್ತಾಗುವುದಿಲ್ಲ. ಅದಕ್ಕೆ ಬೇಕಾದ್ದು ಮ್ಯಾಥ್‌ಎಂಎಲ್, ಅಂದರೆ ವೆಬ್ ಪುಟದಲ್ಲಿ ಸೂತ್ರದ ರಚನೆಯನ್ನೇ ಬರೆದಿಡುವ ಭಾಷೆ. ಫೈರ್‌ಫಾಕ್ಸ್ ಇದನ್ನು ಬಹಳ ಹಿಂದಿನಿಂದ ತೋರಿಸುತ್ತಿತ್ತು, ಗೂಗಲ್ ಕ್ರೋಮ್‌ಗೆ 2023ರ ಜನವರಿಯಲ್ಲಿ ಬಂತು. ಸ್ಕ್ರೀನ್ ರೀಡರ್‌ಗೆ ಮ್ಯಾಥ್‌ಕ್ಯಾಟ್ ಎಂಬ ಉಚಿತ ತಂತ್ರಾಂಶದ ನೆರವಿದ್ದರೆ ಅಂಶ ಎಲ್ಲಿ ಮುಗಿಯಿತು, ಛೇದ ಎಲ್ಲಿ ಶುರುವಾಯಿತು ಎಂದು ಒಡೆದು ಓದುತ್ತದೆ. ವರ್ಡ್‌ನ ಈಕ್ವೇಶನ್ ಆಪ್ಷನ್ಸ್‌ನಲ್ಲಿ, ಸೂತ್ರ ಕಾಪಿ ಮಾಡುವಾಗ ಮ್ಯಾಥ್‌ಎಂಎಲ್ ಬರಲಿ ಎಂಬ ಆಯ್ಕೆ ಇದೆ. ಅದನ್ನು ಆರಿಸಿಕೊಂಡು, ಸೂತ್ರ ಕಾಪಿ ಮಾಡಿ, ಪಾಠದ ವೆಬ್ ಪುಟದ ಎಚ್‌ಟಿಎಂಎಲ್‌ನಲ್ಲಿ ಅಂಟಿಸಿ.