ಕಾರ್ನ್‌ವಾಲ್ ಕರಾವಳಿಯಲ್ಲಿ ನಮ್ಮದೇ ಲೆಕ್ಕದ ನಡಿಗೆ

ಇಂಗ್ಲೆಂಡಿನ ನೈಋತ್ಯ ಮೂಲೆಯನ್ನು ಕಡಲಂಚಿಗೇ ಸುತ್ತುವ ‘ಸೌತ್ ವೆಸ್ಟ್ ಕೋಸ್ಟ್ ಪಾತ್’ ಎಂಬ ಕಾಲುದಾರಿ ಸಾಮರ್ಸೆಟ್‌ನ ಮೈನ್‌ಹೆಡ್‌ನಿಂದ ಡಾರ್ಸೆಟ್‌ನ ಪೂಲ್ ಬಂದರಿನವರೆಗೆ 630 ಮೈಲಿ, ಅಂದರೆ ಸಾವಿರ ಕಿಲೋಮೀಟರಿಗಿಂತ ತುಸು ಹೆಚ್ಚು ದೂರ ಸಾಗುತ್ತದೆ. ಅದರಲ್ಲಿ ಕಾರ್ನ್‌ವಾಲಿನ ಸೇಂಟ್ ಐವ್ಸ್‌ನಿಂದ ಫಾಲ್ಮತ್‌ವರೆಗಿನ ಭಾಗವನ್ನು ನಾನು ಮತ್ತು ನನ್ನ ಭಾವನವರು ಮಾರ್ಗದರ್ಶಿಯಿಲ್ಲದೆ, ಗುಂಪಿನ ಹಂಗಿಲ್ಲದೆ ನಡೆದೆವು. ಭಾವನವರಿಗೆ ಅರವತ್ತು ದಾಟಿದೆ. ಅವರ ಒಂದು ಮೊಣಕಾಲು ಇಳಿಜಾರು ಬಂದಾಗಲೆಲ್ಲ ತಕರಾರು ತೆಗೆಯುತ್ತದೆ. ಆದರೂ ನಡಿಗೆ ಸುಸೂತ್ರವಾಗಿ ಮುಗಿದಿದ್ದರೆ ಅದರ ಶ್ರೇಯಸ್ಸು ಹೆಚ್ಚಿನಂಶ ಹೊರಡುವ ಮೊದಲೇ ಮೇಜಿನ ಮೇಲೆ ನಕ್ಷೆ ಹರಡಿಕೊಂಡು, ಯಾವ ದಿನವನ್ನು ಎಲ್ಲಿ ಮುರಿಯಬೇಕೆಂದು ಹಾಕಿದ ಲೆಕ್ಕಕ್ಕೆ ಸಲ್ಲಬೇಕು.

ಈ ದಾರಿ ಪ್ರವಾಸಿಗಳಿಗಾಗಿ ಹುಟ್ಟಿದ್ದಲ್ಲ. ಕಳ್ಳಸಾಗಣೆಯನ್ನು ತಡೆಯಲು ಕರಾವಳಿ ಕಾವಲುಗಾರರು ಪ್ರತಿಯೊಂದು ಕೊಲ್ಲಿಯನ್ನೂ ಇಣುಕಿ ನೋಡಬೇಕಿತ್ತು, ಅದಕ್ಕಾಗಿ ಅವರು ಕಡಿದಾದ ಬಂಡೆಗಳ ತುದಿಯಲ್ಲೇ ಗಸ್ತು ತಿರುಗಿ ಸವೆಸಿದ ಜಾಡು ಇದು. ಹೀಗಾಗಿ ಅದು ಎಲ್ಲಿಯೂ ನೇರವಾಗಿ ಹೋಗುವುದಿಲ್ಲ. ತೊರೆಯೊಂದು ಕಡಲಿಗೆ ಸೇರುವಲ್ಲೆಲ್ಲ ದಾರಿ ನೀರಿನ ಮಟ್ಟದವರೆಗೆ ಇಳಿದು, ಕಾಲುಸೇತುವೆ ದಾಟಿ, ಮತ್ತೆ ಅಷ್ಟೇ ಎತ್ತರಕ್ಕೆ ಏರುತ್ತದೆ. ಇಡೀ ದಾರಿಯ ಏರುಗಳನ್ನೆಲ್ಲ ಕೂಡಿದರೆ ಸುಮಾರು 35,000 ಮೀಟರ್ ಆಗುತ್ತದೆ, ಅಂದರೆ ಎವರೆಸ್ಟಿನ ಎತ್ತರದ ಸರಿಸುಮಾರು ನಾಲ್ಕರಷ್ಟು. ಆದ್ದರಿಂದ ಮೈಲಿಗಳನ್ನಷ್ಟೇ ಎಣಿಸಿ ದಿನವನ್ನು ಗೊತ್ತುಪಡಿಸುವುದು ಇಲ್ಲಿ ನಡೆಯುವ ಮಾತಲ್ಲ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 16 ಕಿಲೋಮೀಟರ್ ದೂರ ಮತ್ತು 800 ಮೀಟರ್ ಏರು ಇರುವ ದಿನಕ್ಕೆ ಈ ಲೆಕ್ಕದಲ್ಲಿ ನಾಲ್ಕೂವರೆ ಗಂಟೆ ಬೀಳುತ್ತದೆ. ಇದು ಗಟ್ಟಿಮುಟ್ಟಾದವರು ಎಲ್ಲಿಯೂ ನಿಲ್ಲದೆ ನಡೆಯುವ ಲೆಕ್ಕ. ಇದರಲ್ಲಿ ಊಟವಿಲ್ಲ, ಫೋಟೊ ಇಲ್ಲ, ಮೊಣಕಾಲಿನ ತಕರಾರೂ ಇಲ್ಲ. ನಾವು ಬಂದ ಉತ್ತರಕ್ಕೆ ಅದರ ಅರ್ಧದಷ್ಟನ್ನು ಕೂಡಿಸಿ, ಆ ಮೊತ್ತ ಏಳು ಗಂಟೆ ಮೀರಿದರೆ ದಿನವನ್ನು ಎರಡಾಗಿ ಮುರಿಯುತ್ತಿದ್ದೆವು.

ಇದರ ಮೊದಲ ಪರೀಕ್ಷೆ ಸೇಂಟ್ ಐವ್ಸ್ ಬಿಟ್ಟ ಕೂಡಲೇ ಎದುರಾಗುತ್ತದೆ. ಅಲ್ಲಿಂದ ಪೆಂಡೀನ್ ದೀಪಸ್ತಂಭದವರೆಗೆ ಸುಮಾರು 14 ಮೈಲಿ. ಹಲವು ವೇಳಾಪಟ್ಟಿಗಳು ಇದನ್ನು ಒಂದೇ ದಿನದ ಹಂತವೆಂದು ತೋರಿಸುತ್ತವೆ, ಆದರೆ ಇಡೀ ಕರಾವಳಿದಾರಿಯ ಅತಿ ಕಠಿಣ ಭಾಗಗಳಲ್ಲಿ ಇದೂ ಒಂದು, ಹಾಗಾಗಿ ನಾವು ಅದನ್ನು ನಡುವಿನ ಝೆನ್ನರ್ ಹಳ್ಳಿಯಲ್ಲಿ ಮುರಿದೆವು. ಏರಿಗಿಂತ ಹೆಚ್ಚಾಗಿ ಇಲ್ಲಿ ಕಾಡುವುದು ನೆಲವೇ. ಗ್ರಾನೈಟ್ ಬಂಡೆಗಳ ನಡುವೆ ಕಾಲಿಡುವ ಜಾಗ ಹುಡುಕಬೇಕು, ಬಂಡೆ ಮುಗಿಯಿತೆನ್ನುವಷ್ಟರಲ್ಲಿ ಜವುಗು ಬರುತ್ತದೆ, ಬ್ರ್ಯಾಕನ್ ಜರೀಗಿಡ ಸೊಂಟದೆತ್ತರ ಬೆಳೆದು ಹೆಜ್ಜೆ ಎಲ್ಲಿ ಬೀಳುತ್ತದೆಂಬುದನ್ನೇ ಮರೆಮಾಡುತ್ತದೆ. “ಝೆನ್ನರ್‌ಗೆ ಆರೂವರೆ ಮೈಲಿ ತಾನೇ, ಊಟದ ಹೊತ್ತಿಗೆ ಮುಟ್ಟಿಬಿಡ್ತೀವಲ್ಲ?” ಎಂದು ಭಾವನವರು ಹಿಂದಿನ ರಾತ್ರಿ ಕೇಳಿದ್ದರು. “ಭಾವ, ಸಂಜೆಯ ಕಾಫಿ ಹೊತ್ತಿಗೆ ಅಂತ ಇಟ್ಕೊಳ್ಳಿ” ಎಂದೆ. ಹೆಚ್ಚುಕಡಿಮೆ ಹಾಗೆಯೇ ಆಯಿತು.

ಝೆನ್ನರ್‌ನಲ್ಲಿ ಹಂತವನ್ನು ಮುರಿದದ್ದರಿಂದ ಇನ್ನೊಂದು ಲಾಭವಿತ್ತು. ಕಡಲಂಚಿನ ದಾರಿಗೆ ಸಮಾನಾಂತರವಾಗಿ, ಒಳನಾಡಿನಲ್ಲಿ, ಸೇಂಟ್ ಐವ್ಸ್ ಮತ್ತು ಝೆನ್ನರ್ ನಡುವೆ ಹೊಲಗಳ ಮೂಲಕ ಹಾದುಹೋಗುವ ಹಳೆಯ ಕಾಲುದಾರಿಯಿದೆ. ಎರಡು ರಾತ್ರಿ ಒಂದೇ ಕಡೆ ತಂಗಿದ್ದ ನಾವು ಒಂದು ದಿನ ಕಡಲಂಚಿನಲ್ಲಿ ಹೋಗಿ, ಮರುದಿನ ಭಾರವೇನೂ ಇಲ್ಲದೆ ಹೊಲಗಳ ದಾರಿಯನ್ನು ನೋಡಿಬಂದೆವು. ಇಲ್ಲಿನ ಗದ್ದೆಬದುಗಳು ಇತಿಹಾಸಪೂರ್ವ ಕಾಲದವು: ಎರಡೂ ಬದಿಗೆ ಕಲ್ಲು, ನಡುವೆ ಮಣ್ಣು, ಮೇಲೆ ಹುಲ್ಲು ಮತ್ತು ಹೂ. ಬದುವಿಗೊಂದು ತಡಮೆ. ಮಲೆನಾಡಿನ ಬೇಲಿಯ ತಡಮೆ ಮರದ್ದು, ಇಲ್ಲಿಯದು ಗ್ರಾನೈಟಿನದು. ನೆಲದಲ್ಲಿ ಗುಂಡಿ ತೋಡಿ ಅದರ ಮೇಲೆ ನಾಲ್ಕೈದು ಉದ್ದದ ಕಲ್ಲುತೊಲೆಗಳನ್ನು ಅಂತರ ಬಿಟ್ಟು ಹಾಸಿರುತ್ತಾರೆ. ಮನುಷ್ಯ ತೊಲೆಯಿಂದ ತೊಲೆಗೆ ಹೆಜ್ಜೆಯಿಟ್ಟು ದಾಟುತ್ತಾನೆ, ದನ ಗೊರಸು ಸಿಕ್ಕೀತೆಂಬ ಭಯಕ್ಕೆ ಹಿಂದೆ ಸರಿಯುತ್ತದೆ. ಶತಮಾನಗಳ ಹೆಜ್ಜೆಗಳಿಂದ ತೊಲೆಗಳ ನಡುಭಾಗ ನುಣುಪಾಗಿದೆ, ಮಳೆ ಬಂದ ಮೇಲೆ ಅಲ್ಲಿ ಊರುಗೋಲು ಊರದೆ ದಾಟಬಾರದು. ಕರುವಿರುವ ಹಸುಗಳು ಹೊಲದಲ್ಲಿದ್ದರೆ ತಾಯಿಗೂ ಕರುವಿಗೂ ನಡುವೆ ಹೋಗದೆ ಅಂಚು ಹಿಡಿದು ಸುತ್ತುವುದು ಅಲ್ಲಿಯೂ ಅಷ್ಟೇ ಅಗತ್ಯ.

ಇಂಥ ಪ್ರವಾಸಗಳನ್ನು ಹೊಂದಿಸಿಕೊಡುವ ಸಂಸ್ಥೆಗಳು ಸಾಕಷ್ಟಿವೆ. ಅವರು ಕೋಣೆ ಕಾಯ್ದಿರಿಸಿ, ನಕ್ಷೆ ಮತ್ತು ದಾರಿಯ ಟಿಪ್ಪಣಿ ಕಳುಹಿಸಿ, ನಮ್ಮ ಚೀಲವನ್ನು ಒಂದು ತಂಗುದಾಣದಿಂದ ಮುಂದಿನದಕ್ಕೆ ವ್ಯಾನಿನಲ್ಲಿ ಸಾಗಿಸುತ್ತಾರೆ. ನಡೆಯುವುದು ಮಾತ್ರ ನಮ್ಮ ಪಾಲಿಗೆ. ಮೊದಲ ಬಾರಿ ಹೋಗುವವರು ಈ ಸೇವೆಗೆ ಹಣ ಕೊಡುವುದು ದಂಡವಲ್ಲ. ಆದರೆ ಸಿದ್ಧ ವೇಳಾಪಟ್ಟಿ ಸರಾಸರಿ ನಡಿಗೆಯವರ ಅಳತೆಗೆ ಹೊಲಿದದ್ದು, ನಮ್ಮ ಮೊಣಕಾಲಿನ ಅಳತೆಗಲ್ಲ. ನಾವು ಕೋಣೆಗಳನ್ನು ನಾವೇ ಹಿಡಿದು, ಚೀಲ ಸಾಗಿಸುವ ಕೆಲಸವೊಂದನ್ನೇ ಬೇರೆಯವರಿಗೆ ವಹಿಸಿದೆವು. ಬೆಳಿಗ್ಗೆ ತಿಂಡಿಗೆ ಮೊದಲೇ ಚೀಲವನ್ನು ಬಾಗಿಲ ಬಳಿ ಇಡಬೇಕು, ತೂಕ ಸಾಮಾನ್ಯವಾಗಿ 20 ಕಿಲೋ ಮೀರಬಾರದು. ಪಾಸ್‌ಪೋರ್ಟ್, ಔಷಧಿ, ಮಳೆಯಂಗಿಗಳನ್ನು ಬೆನ್ನಿಗೇ ಕಟ್ಟಿಕೊಳ್ಳುವುದು ಕ್ಷೇಮ. ನಿಜವಾದ ತೊಡಕು ಕೋಣೆಗಳದ್ದು: ಬೇಸಿಗೆಯ ವಾರಾಂತ್ಯಗಳಲ್ಲಿ ಎಷ್ಟೋ ತಂಗುಮನೆಗಳು ಎರಡು ರಾತ್ರಿಗಿಂತ ಕಡಿಮೆಗೆ ಕೊಡುವುದಿಲ್ಲ. ನಾವು ಆ ನಿಯಮದೊಂದಿಗೆ ಜಗಳಕ್ಕೆ ಬೀಳದೆ ಅದನ್ನೇ ಅನುಕೂಲ ಮಾಡಿಕೊಂಡೆವು. ಒಂದು ಊರಿನಲ್ಲಿ ಎರಡು ರಾತ್ರಿ ಉಳಿದು, ಮುಂದಿನ ಹಂತದ ಕೊನೆಯಿಂದ ಬಸ್ಸಿನಲ್ಲಿ ಹಿಂದಿರುಗಿ, ಮಾರನೆಯ ದಿನ ಅದೇ ಬಸ್ಸಿನಲ್ಲಿ ಹೋಗಿ ಬಿಟ್ಟ ಜಾಗದಿಂದಲೇ ನಡಿಗೆ ಮುಂದುವರಿಸುವುದು. ಬೇಸಿಗೆಯಲ್ಲಿ ಪೆನ್ಜಾನ್ಸ್, ಲ್ಯಾಂಡ್ಸ್ ಎಂಡ್ ಮತ್ತು ಸೇಂಟ್ ಐವ್ಸ್‌ಗಳನ್ನು ಸುತ್ತುವ, ಮೇಲಂತಸ್ತಿಗೆ ಚಾವಣಿಯಿಲ್ಲದ ಬಸ್ಸು ಇದಕ್ಕೆ ಹೇಳಿ ಮಾಡಿಸಿದಂತಿದೆ.

ದಿನದ ನಡಿಗೆ ಗಿಡ್ಡವಾದಷ್ಟೂ ನಿಂತು ನೋಡಲು ಹೊತ್ತು ಸಿಗುತ್ತದೆ. ಪೆಂಡೀನ್ ದಾಟಿದ ಮೇಲೆ ದಾರಿ ತವರ ಮತ್ತು ತಾಮ್ರದ ಹಳೆಯ ಗಣಿಗಳ ನಡುವೆಯೇ ಸಾಗುತ್ತದೆ. ಲೆವಂಟ್ ಗಣಿಯ ಸುರಂಗಗಳು ಕಡಲಿನ ತಳದಡಿ ಒಂದು ಮೈಲಿಗೂ ಹೆಚ್ಚು ದೂರ ಚಾಚಿದ್ದವು. 1919ರ ಅಕ್ಟೋಬರಿನಲ್ಲಿ ಕಾರ್ಮಿಕರನ್ನು ಮೇಲಕ್ಕೂ ಕೆಳಕ್ಕೂ ಒಯ್ಯುತ್ತಿದ್ದ ಯಂತ್ರ ಮುರಿದುಬಿದ್ದು ಅಲ್ಲಿ 31 ಮಂದಿ ಸತ್ತರು. ಪಕ್ಕದ ಗೀವರ್ ಗಣಿ 1990ರವರೆಗೂ ನಡೆಯುತ್ತಿತ್ತು. ಲ್ಯಾಂಡ್ಸ್ ಎಂಡ್‌ನ ಜಾತ್ರೆಯಂಥ ಗದ್ದಲದಲ್ಲಿ ನಾವು ಹೆಚ್ಚು ನಿಲ್ಲಲಿಲ್ಲ, ಉಳಿಸಿದ ಆ ಹೊತ್ತನ್ನು ಪೋರ್ತ್‌ಕರ್ನೊದಲ್ಲಿ ಕಳೆದೆವು. ಬಂಡೆಗಳ ನಡುವಿನ ಆ ಚಿಕ್ಕ ಮರಳದಂಡೆಗೆ 1870ರಲ್ಲಿ ಸಮುದ್ರದಡಿಯ ತಂತಿಯೊಂದು ಬಂದು ಸೇರಿ, ಬ್ರಿಟನ್ನಿಗೂ ಬೊಂಬಾಯಿಗೂ ತಂತಿ ಸಂಪರ್ಕ ಏರ್ಪಟ್ಟಿತು. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಭಾವನವರನ್ನು ಅಲ್ಲಿನ ತಂತಿ ವಸ್ತುಸಂಗ್ರಹಾಲಯದಿಂದ ಹೊರಡಿಸುವುದೇ ಕಷ್ಟವಾಯಿತು.

ಹೆಚ್ಚು ತಲೆಕೆಡಿಸಿಕೊಂಡದ್ದು ಲಿಜರ್ಡ್ ಪರ್ಯಾಯದ್ವೀಪದ ಪೂರ್ವದಂಡೆಯ ಒಂದು ದಿನಕ್ಕೆ. ಕವರಾಕ್‌ನಿಂದ ಹೊರಟು, ಇಡೀ ಕರಾವಳಿದಾರಿಯ ನಟ್ಟನಡುವಿನ ಗುರುತುಗಲ್ಲಿರುವ ಪೋರ್ತಾಲೊ ದಾಟಿದ ಮೇಲೆ ಗಿಲನ್ ಎಂಬ ಹಿನ್ನೀರು ಅಡ್ಡ ಬರುತ್ತದೆ. ಅಲ್ಲಿ ಸೇತುವೆಯಿಲ್ಲ. ಕಡಲು ಇಳಿದಾಗ, ಕನಿಷ್ಠ ಮಟ್ಟಕ್ಕೆ ಸುಮಾರು ಒಂದು ಗಂಟೆ ಮೊದಲಿನಿಂದ ಒಂದು ಗಂಟೆ ನಂತರದವರೆಗೆ, ಕಾಲ್ನಡಿಗೆಯಲ್ಲಿ ದಾಟಬಹುದು. ಇಲ್ಲವಾದರೆ ಹಿನ್ನೀರಿನ ತಲೆಯನ್ನು ಸುತ್ತಿಕೊಂಡು ಬರಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆಯಾದ್ದರಿಂದ ಗಿಲನ್‌ನ ದಿನವನ್ನು ಮೊದಲು ಗೊತ್ತುಮಾಡಿ, ಮಿಕ್ಕ ದಿನಗಳನ್ನು ಅದರಿಂದ ಹಿಂದಕ್ಕೆ ಎಣಿಸುತ್ತ ಬಂದೆವು. ಈ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಹಗಲಿನ ಇಳಿತ ನಡುಮಧ್ಯಾಹ್ನದ ಸುತ್ತಮುತ್ತ ಬೀಳುತ್ತದೆ, ನೀರು ಬಹಳ ಕೆಳಗೂ ಇಳಿಯುತ್ತದೆ; ಅಷ್ಟಮಿಯ ಹೊತ್ತಿಗೆ ಎರಡೂ ನಮಗೆ ವಿರುದ್ಧ. “ಹುಣ್ಣಿಮೆ ಮಾರನೇ ದಿನಕ್ಕೆ ಆ ಹಿನ್ನೀರು ಇಟ್ಕೊಳ್ಳಪ್ಪ, ಉಳಿದದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತೆ” ಎಂದು ಪಂಚಾಂಗ ತೆರೆದು ತೀರ್ಪು ಕೊಟ್ಟವರು ಭಾವನವರೇ. ಖಚಿತ ಸಮಯವನ್ನು ಅಲ್ಲಿಯ ಉಬ್ಬರವಿಳಿತದ ಪಟ್ಟಿಯಿಂದಲೇ ನೋಡಬೇಕು. ಆ ಪಟ್ಟಿಗಳಲ್ಲಿ ಕೆಲವು ಗ್ರೀನಿಚ್ ಸಮಯದಲ್ಲಿರುತ್ತವೆ, ಬೇಸಿಗೆಯ ಗಡಿಯಾರಕ್ಕೆ ಒಂದು ಗಂಟೆ ಕೂಡಿಸಿಕೊಳ್ಳಬೇಕು.

ತಂಗುಮನೆಯ ಒಡತಿಯನ್ನು ಹಿಂದಿನ ಸಂಜೆಯೇ ಕೇಳಿಕೊಂಡು ತಿಂಡಿಯನ್ನು ಬೇಗ ಮಾಡಿಸಿಕೊಂಡದ್ದರಿಂದ ನಾವು ಗಿಲನ್ ತಲುಪಿದಾಗ ನೀರು ಇನ್ನೂ ಇಳಿಯುತ್ತಲೇ ಇತ್ತು. ದಾಟಲೆಂದು ಇಟ್ಟ ಕಲ್ಲುಗಳ ಮೇಲೆ ಹಸಿರು ಪಾಚಿ ಕಟ್ಟಿತ್ತು. ಅವುಗಳ ಮೇಲೆ ಸರ್ಕಸ್ ಮಾಡುವುದಕ್ಕಿಂತ ಬೂಟು ಬಿಚ್ಚಿ ಕೊರಳಿಗೆ ಹಾಕಿಕೊಂಡು, ಪಕ್ಕದ ಗಟ್ಟಿ ಮರಳಿನಲ್ಲಿ ಊರುಗೋಲು ಊರುತ್ತ ಹೋಗುವುದೇ ಸುಲಭವೆನಿಸಿತು. ನೀರು ಮೀನಖಂಡ ದಾಟಲಿಲ್ಲ, ತಣ್ಣಗಿತ್ತು ಎಂಬುದು ಮಾತ್ರ ಸಣ್ಣ ಮಾತಾಯಿತು. ಮುಂದೆ ಹೆಲ್ಫರ್ಡ್ ನದಿಗೆ ಋತುಮಾನದ ದೋಣಿಯಿದೆ. ದಡದಲ್ಲಿರುವ ದುಂಡನೆಯ ಫಲಕವನ್ನು ತೆರೆದರೆ ಒಳಗಿನ ಹಳದಿ ಬಣ್ಣ ಎದುರುದಡಕ್ಕೆ ಕಾಣಿಸಿ, ದೋಣಿಯವರು ಬರುತ್ತಾರೆ. ಕಡಲು ತೀರ ಇಳಿದಾಗ ಆ ದೋಣಿಯೂ ಸ್ವಲ್ಪ ಹೊತ್ತು ನಿಲ್ಲುವುದುಂಟು, ಆದರೆ ಗಿಲನ್‌ನಿಂದ ಅಲ್ಲಿಗೆ ನಮ್ಮ ನಡಿಗೆಯಲ್ಲಿ ಎರಡು ಗಂಟೆ ಹಿಡಿಯುವುದರಿಂದ ಅಷ್ಟರಲ್ಲಿ ನೀರು ಮತ್ತೆ ಏರಿರುತ್ತದೆ. ದೋಣಿ ತಪ್ಪಿದರೆ ಗ್ವೀಕ್ ಊರಿನವರೆಗೆ ನದಿಯನ್ನು ಸುತ್ತಬೇಕು, ಅದು ಬಹುತೇಕ ಒಂದು ದಿನದ ಕೆಲಸ.

ನಕ್ಷೆಯ ವಿಷಯದಲ್ಲಿ ಬ್ರಿಟನ್ನಿನ ಸರ್ಕಾರಿ ನಕ್ಷಾಸಂಸ್ಥೆಯಾದ ಆರ್ಡ್ನನ್ಸ್ ಸರ್ವೆಯ 1:25,000 ಪ್ರಮಾಣದ ಹಾಳೆಯೇ ಬೇಕು, ಏಕೆಂದರೆ ಹೊಲದ ಬದುಗಳು ಕಾಣುವುದು ಅದರಲ್ಲಿ. ಅದನ್ನು ಮೊಬೈಲಿಗೂ ಇಳಿಸಿಕೊಳ್ಳಬಹುದು, ಆದರೆ ಕೊಲ್ಲಿಗಳ ತಳದಲ್ಲಿ ಸಿಗ್ನಲ್ ಇರುವುದಿಲ್ಲ. ದಾರಿಯುದ್ದಕ್ಕೂ ಓಕ್ ಕಾಯಿಯ ಗುರುತು ಕೈಹಿಡಿದು ನಡೆಸುತ್ತದೆ. ಬಂಡೆಯಂಚು ಕುಸಿದು ಹೊಸ ಬಳಸುದಾರಿ ಹಾಕಿದ್ದರೆ ನಕ್ಷೆಯನ್ನು ಬಿಟ್ಟು ಅಲ್ಲಿನ ಫಲಕವನ್ನೇ ನಂಬಬೇಕು. ಅಪಾಯವಾದರೆ 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಕೇಳಬೇಕು. ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಲ್ಯಾಂಡ್ಸ್ ಎಂಡ್‌ವರೆಗೆ ಅದು ಮುಖಕ್ಕೆ ಹೊಡೆಯುತ್ತದೆ, ಅಲ್ಲಿಂದಾಚೆ ಬಹುಪಾಲು ಬೆನ್ನಿಗೆ. ಊಟದ ಚಿಂತೆ ನಾವು ಹೆದರಿದಷ್ಟಿರಲಿಲ್ಲ. ಒಳಗೆ ಹೂರಣ ತುಂಬಿ ಬೇಕ್ ಮಾಡಿದ ಕಡುಬಿನಂಥ ಕಾರ್ನಿಶ್ ಪ್ಯಾಸ್ಟಿಯ ಮೂಲರೂಪ ಗೋಮಾಂಸದ್ದಾದರೂ ಚೀಸ್ ಮತ್ತು ಈರುಳ್ಳಿಯದು ಬಹುತೇಕ ಬೇಕರಿಗಳಲ್ಲಿ ಸಿಗುತ್ತದೆ, ಒಂದನ್ನು ಕಟ್ಟಿಸಿಕೊಂಡರೆ ಮಧ್ಯಾಹ್ನ ಕಳೆಯುತ್ತದೆ. ಮೂರನೆಯ ದಿನಕ್ಕೆ ಚಟ್ನಿಪುಡಿ ಬೇಕೆನಿಸುವುದು ಬೇರೆ ಮಾತು.

ಫಾಲ್ಮತ್‌ನಿಂದ ಟ್ರೂರೊಗೆ ಚಿಕ್ಕ ರೈಲಿದೆ, ಅಲ್ಲಿ ಲಂಡನ್ನಿನ ಪ್ಯಾಡಿಂಗ್‌ಟನ್ ರೈಲು ಸಿಗುತ್ತದೆ. ಮುಂಗಡವಾಗಿ ಕೊಳ್ಳುವ ಅಗ್ಗದ ಟಿಕೆಟ್ಟು ಅದರಲ್ಲಿ ನಮೂದಾದ ರೈಲಿಗೆ ಮಾತ್ರ ಸಲ್ಲುತ್ತದೆ. ಇಳಿತ, ದೋಣಿ, ಮೊಣಕಾಲು ಈ ಮೂರರಲ್ಲಿ ಒಂದು ಕೈಕೊಟ್ಟರೂ ಆ ಹಣ ಹೋದಂತೆಯೇ. ಆದ್ದರಿಂದ ಟಿಕೆಟನ್ನು ನಡಿಗೆ ಮುಗಿಯುವ ದಿನಕ್ಕೆ ತೆಗೆಯದೆ, ನಡುವೆ ಒಂದು ಪೂರ್ತಿ ಖಾಲಿ ದಿನವನ್ನು ಬಿಟ್ಟು ಅದರ ಮಾರನೆಯ ದಿನಕ್ಕೆ ತೆಗೆದೆವು.