ಇಜಿಎಫ್‌ಗೆ ಓಗೊಡುವ ಜೀನುಗಳನ್ನು ಹುಡುಕಿದ್ದು ಹೀಗೆ: ಧಾರವಾಡದ ನಮ್ಮ ಲ್ಯಾಬಿನ ಅನುಭವ

ಶ್ವಾಸಕೋಶದ ಕ್ಯಾನ್ಸರ್ ಕೋಶಗಳಿಗೆ ಇಜಿಎಫ್ (ಕೋಶಕ್ಕೆ ಬೆಳೆಯಲು ಸಂಕೇತ ಕೊಡುವ ಪ್ರೋಟೀನು) ಹಾಕಿದರೆ ಅರ್ಧ ಗಂಟೆಯೊಳಗೆ ಫಾಸ್ ಜೀನಿನ ಆರ್‌ಎನ್‌ಎ ಜಿಗಿಯುತ್ತದೆ. ಇಜಿಎಫ್ ಇಲ್ಲದೆ ಬರೀ ಮೀಡಿಯಾ (ಕೋಶ ಬೆಳೆಸುವ ದ್ರವ) ಬದಲಿಸಿ ನೋಡಿ, ಆಗಲೂ ಏರುತ್ತದೆ. ಪಿಪೆಟ್ಟಿನಿಂದ ದ್ರವ ರಭಸವಾಗಿ ಬಿದ್ದರೂ ಸಾಕು. ಕೋಶ ಕೈ ಸೋಕಿದ್ದಕ್ಕೂ ಓಗೊಡುತ್ತದೆ, ಇಜಿಎಫ್‌ಗೂ ಓಗೊಡುತ್ತದೆ. ಎರಡನ್ನೂ ಬಿಡಿಸಿ ನೋಡುವುದೇ ಈ ಕೆಲಸದ ಮುಕ್ಕಾಲು ಪಾಲು.

ನಾವು ಬಳಸಿದ್ದು ಎ549 ಎಂಬ ಶ್ವಾಸಕೋಶದ ಕ್ಯಾನ್ಸರ್ ಕೋಶಗಳನ್ನು. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಸಂಗ್ರಹದಿಂದ ತರಿಸಿದ್ದು. ಬಂದ ಕೂಡಲೇ ಮೈಕೋಪ್ಲಾಸ್ಮಾ (ಕೋಶಗಳಿಗೆ ಕಾಣದಂತೆ ಅಂಟುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಬೇಕು, ಅದಕ್ಕೆ ರಿಯಾಯಿತಿ ಇಲ್ಲ. ಈ ಕೋಶದಲ್ಲಿ ಇಜಿಎಫ್‌ಆರ್ (ಇಜಿಎಫ್ ಬಂದು ಕೂರುವ ಗ್ರಾಹಕ) ಸಹಜವಾಗಿದೆ, ಆದರೆ ಆ ಸಂಕೇತವನ್ನು ಒಳಗೆ ಸಾಗಿಸುವ ಕೆರಾಸ್ ಪ್ರೋಟೀನಿನ 12ನೇ ಜಾಗದಲ್ಲಿ ಗ್ಲೈಸಿನ್ ಹೋಗಿ ಸೆರಿನ್ ಬಂದಿದೆ. ಹಾಗಾಗಿ ಸೀರಮ್ (ಬೆಳವಣಿಗೆಯ ಅಂಶಗಳಿರುವ ರಕ್ತದ ತಿಳಿ) ಕೊಡದೆ ಹಸಿವಿನಲ್ಲಿಟ್ಟರೂ ಒಳಗಿನ ಸಂಕೇತ ಪೂರ್ತಿ ಆರುವುದಿಲ್ಲ. ತಳಮಟ್ಟವೇ ಮೇಲಿರುವಾಗ ಏರಿಕೆ ಕಡಿಮೆ ಕಾಣುವುದು ಸಹಜ, ಪ್ರಯೋಗ ಕೆಟ್ಟಿತು ಎಂದುಕೊಳ್ಳಬೇಡಿ.

ಆರು ಗುಳಿಯ ಪ್ಲೇಟ್ ಬೇಡ, 35 ಮಿ.ಮೀ. ಡಿಶ್‌ಗಳನ್ನೇ ತಗೊಳ್ಳಿ. ಪ್ಲೇಟಿನಲ್ಲಿ ಒಂದು ಗುಳಿಗೆ ಇಜಿಎಫ್ ಹಾಕಲು ಹೊರತೆಗೆದರೆ ಉಳಿದ ಐದೂ ತಣ್ಣಗಾಗುತ್ತವೆ, ಅಲುಗುತ್ತವೆ. ಡಿಶ್ಶಿಗೆ 3 ಲಕ್ಷ ಕೋಶ ಬಿತ್ತಿ, ಮುಕ್ಕಾಲು ಭಾಗ ತುಂಬಿದ ಮೇಲೆ ಪಿಬಿಎಸ್ ಎಂಬ ಉಪ್ಪುನೀರಿನ ದ್ರಾವಣದಿಂದ ಎರಡು ಸಲ ತೊಳೆದು, ಸೀರಮ್ ಇಲ್ಲದ 1.8 ಮಿಲಿ ಮೀಡಿಯಾದಲ್ಲಿ 20 ಗಂಟೆ ಇಡುತ್ತೇವೆ. ತೊಳೆಯುವುದರಲ್ಲಿ ಅವಸರ ಮಾಡಿದರೆ ಉಳಿದ ಸೀರಮ್ಮೇ ಇಜಿಎಫ್‌ನ ಕೆಲಸ ಮಾಡಿಬಿಡುತ್ತದೆ.

ಇಜಿಎಫ್ ಸ್ಟಾಕ್ ಮಿಲಿಗೆ 100 ಮೈಕ್ರೋಗ್ರಾಂ, 0.1% ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನು) ಇರುವ ಪಿಬಿಎಸ್‌ನಲ್ಲಿ. ಬಿಎಸ್‌ಎ ಬಿಟ್ಟರೆ ಪ್ರೋಟೀನು ಟ್ಯೂಬಿನ ಗೋಡೆಗೆ ಅಂಟಿ ಹೋಗುತ್ತದೆ. 20 ಮೈಕ್ರೋಲೀಟರ್‌ನಂತೆ ಹಂಚಿ −80 ಡಿಗ್ರಿಯಲ್ಲಿಡಿ, ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಬಳಸುವ ದಿನ 5 ಮೈಕ್ರೋಲೀಟರ್ ಸ್ಟಾಕನ್ನು 1 ಮಿಲಿಗೆ ತಂದರೆ ಹತ್ತು ಪಟ್ಟು ಗಟ್ಟಿ ದ್ರಾವಣ. ಅದರಲ್ಲಿ 200 ಮೈಕ್ರೋಲೀಟರನ್ನು ಡಿಶ್ಶಿನ ಅಂಚಿನಿಂದ ಹನಿಹನಿಯಾಗಿ ಬಿಟ್ಟರೆ ಕೊನೆಗೆ ಮಿಲಿಗೆ 50 ನ್ಯಾನೋಗ್ರಾಂ. ಈ ದ್ರಾವಣ ಮಾಡಲು ತಾಜಾ ಮೀಡಿಯಾ ಬೇಡ. ಅದೇ 20 ಗಂಟೆ ಕೋಶಗಳ ಮೇಲಿದ್ದ ಮೀಡಿಯಾವನ್ನು ಇನ್ನೊಂದು ಡಿಶ್ಶಿನಿಂದ ತೆಗೆದು 37 ಡಿಗ್ರಿಯಲ್ಲೇ ಇಟ್ಟು ಬಳಸಿ. ಇಜಿಎಫ್ ಹಾಕದ ಕಂಟ್ರೋಲ್ ಡಿಶ್ಶಿಗೂ ಅಷ್ಟೇ ಬಿಎಸ್‌ಎ ಇರುವ ಅದೇ ದ್ರವ, ಅದೇ 200 ಮೈಕ್ರೋಲೀಟರ್.

ಸಮಯ: 0, 30, 60, 120, 240, 480 ನಿಮಿಷ. ಸೊನ್ನೆ ಬಿಟ್ಟು ಪ್ರತಿ ಸಮಯಕ್ಕೂ ಬೇರೆ ಕಂಟ್ರೋಲ್. 480ರ ಡಿಶ್ಶಿಗೆ ಮೊದಲು, 30ರದಕ್ಕೆ ಕೊನೆಗೆ ಹಾಕುತ್ತೇವೆ. ಹಾಗಾದರೆ ಎಲ್ಲ ಡಿಶ್ಶಿನ ಕೋಶಗಳನ್ನೂ ಆರ್‌ಎನ್‌ಎ ತೆಗೆಯಲು ಒಂದೇ ಹೊತ್ತಿಗೆ ಒಡೆಯಬಹುದು, ಎಲ್ಲವೂ ಹಸಿದಿದ್ದ ಅವಧಿಯೂ ಒಂದೇ ಆಗುತ್ತದೆ.

ಕಂಟ್ರೋಲ್ ಇಷ್ಟು ಯಾಕೆ? ಲೆಕ್ಕಕ್ಕೆಂದು ಒಂದು ಉದಾಹರಣೆ ಹಿಡಿಯಿರಿ. ಆರ್‌ಎನ್‌ಎಯನ್ನು ಕ್ಯೂಪಿಸಿಆರ್‌ನಲ್ಲಿ ಅಳೆದಾಗ ಸಿಗುವ ಅಂಕಿ ಸಿಟಿ; ಅದು ಒಂದು ಇಳಿದರೆ ಪ್ರಮಾಣ ಎರಡು ಪಟ್ಟು. ಆಧಾರ ಜೀನಿನ (ಅಷ್ಟಾಗಿ ಬದಲಾಗದ, ಹೋಲಿಕೆಗೆ ಹಿಡಿಯುವ ಜೀನು) ಸಿಟಿಯನ್ನು ಕಳೆದ ಮೇಲೆ ಫಾಸ್‌ನ ಅಂಕಿ ಸೊನ್ನೆ ನಿಮಿಷಕ್ಕೆ 8.4, 30 ನಿಮಿಷದ ಕಂಟ್ರೋಲಿಗೆ 6.4, ಇಜಿಎಫ್ ಹಾಕಿದ್ದಕ್ಕೆ 2.0 ಎಂದಿರಲಿ. ಸೊನ್ನೆಗೆ ಹೋಲಿಸಿದರೆ 2ರ 6.4ನೇ ಘಾತ, ಅಂದರೆ ಸುಮಾರು 84 ಪಟ್ಟು. ಅದೇ ಹೊತ್ತಿನ ಕಂಟ್ರೋಲಿಗೆ ಹೋಲಿಸಿದರೆ ಸುಮಾರು 21 ಪಟ್ಟು ಅಷ್ಟೇ. ನಡುವಿನ ನಾಲ್ಕು ಪಟ್ಟು ನಮ್ಮ ಕೈಯದು. ಫಾಸ್ ಏನೋ ಇಷ್ಟು ಕಳೆದರೂ ಉಳಿಯುತ್ತದೆ, ಮೂರು ನಾಲ್ಕು ಪಟ್ಟು ಏರುವ ಜೀನು ಉಳಿಯುವುದಿಲ್ಲ. ಆಧಾರಕ್ಕೆ ಜಿಎಪಿಡಿಎಚ್ ಜೀನು ಒಂದನ್ನೇ ನಂಬಬೇಡಿ. ಬೆಳವಣಿಗೆಯ ಸಂಕೇತಕ್ಕೆ ಅದೂ ಅಲುಗಬಲ್ಲದು. ನಾವು ಟಿಬಿಪಿ, ಎಚ್‌ಪಿಆರ್‌ಟಿ1 ಎಂಬ ಎರಡು ಜೀನುಗಳ ಸರಾಸರಿ ಹಿಡಿದೆವು. ಪ್ರೈಮರಿನ (ಅಳೆಯಬೇಕಾದ ಜೀನಿಗೆ ಅಂಟುವ ಡಿಎನ್‌ಎ ತುಂಡು) ದಕ್ಷತೆ 90ರಿಂದ 110%ರೊಳಗೆ ಇಲ್ಲದಿದ್ದರೆ ಮೇಲಿನ ಲೆಕ್ಕವೇ ನಡೆಯದು.

ಆರ್‌ಎನ್‌ಎ ತೆಗೆಯುವುದು ಕೋಶ ಒಡೆಯುವ ಟ್ರೈಜಾಲ್ ದ್ರವದಲ್ಲಿ, ಡಿಶ್ಶಿಗೆ 1 ಮಿಲಿ. 0.2 ಮಿಲಿ ಕ್ಲೋರೋಫಾರ್ಮ್ ಹಾಕಿ, 4 ಡಿಗ್ರಿಯಲ್ಲಿ 12,000 ಜಿಯಲ್ಲಿ (ಗುರುತ್ವದ 12,000 ಪಟ್ಟು) 15 ನಿಮಿಷ ತಿರುಗಿಸಿದ ಮೇಲೆ ಮೇಲೆ ನಿಲ್ಲುವ ತಿಳಿಯಲ್ಲಿ 400 ಮೈಕ್ರೋಲೀಟರ್ ಸಾಕು. ಪೂರ್ತಿ ಹೀರುವ ಆಸೆಗೆ ಬಿದ್ದರೆ ನಡುವಿನ ಬಿಳಿ ಪದರ ಎಳೆದು ಬರುತ್ತದೆ, ಅದರಲ್ಲಿರುವುದು ಡಿಎನ್‌ಎ. ಎಥನಾಲ್‌ನಲ್ಲಿ ತೊಳೆದ ಆರ್‌ಎನ್‌ಎ ಒಣಗಿಸುವಾಗ ಗಡಿಯಾರ ನೋಡಬೇಡಿ, ಟ್ಯೂಬಿನ ತಳ ನೋಡಿ. ಬಿಳಿಯ ಚುಕ್ಕೆ ಅಂಚಿನಿಂದ ಪಾರದರ್ಶಕವಾಗತೊಡಗಿದ ಕೂಡಲೇ ನೀರು ಹಾಕಬೇಕು. ಏಪ್ರಿಲ್ ಬಿಸಿಲಲ್ಲಿ ಇದು ಐದು ನಿಮಿಷದ ಮಾತು, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕಾಲು ಗಂಟೆಯೂ ಬೇಕಾದೀತು. ಅತಿಯಾಗಿ ಒಣಗಿದ್ದು ಮತ್ತೆ ಸರಿಯಾಗಿ ಕರಗುವುದಿಲ್ಲ. ಆಮೇಲೆ ಉಳಿದ ಡಿಎನ್‌ಎ ಕತ್ತರಿಸುವ ಡಿಎನೇಸ್ ತಪ್ಪಿಸಬೇಡಿ.

ಕರೆಂಟ್ ಹೋಗಿ ಇನ್‌ಕ್ಯುಬೇಟರಿನ ಇಂಗಾಲದ ಡೈಆಕ್ಸೈಡ್ ಇಳಿದರೆ ಮೀಡಿಯಾ ಗುಲಾಬಿ ನೇರಳೆಗೆ ತಿರುಗುತ್ತದೆ. ಆ ದಿನದ ಡಿಶ್‌ಗಳನ್ನು ಎಸೆದುಬಿಡಿ. ನೋವಾಗುತ್ತದೆ, ಆದರೂ ಎಸೆಯಿರಿ.

ಒಂದೇ ದಿನದ ಮೂರು ಡಿಶ್ ಮೂರು ಪ್ರಯೋಗವಲ್ಲ. ಬೇರೆ ಬೇರೆ ಪ್ಯಾಸೇಜಿನ (ಹೊಸ ಡಿಶ್ಶಿಗೆ ವರ್ಗಾಯಿಸಿದ ಸುತ್ತು) ಕೋಶಗಳಿಂದ ಮೂರು ದಿನ ಮಾಡಿ, ಫಾಸ್ ಮತ್ತು ಅದರಂತೆಯೇ ಬೇಗ ಏರುವ ಇಜಿಆರ್1 ಮೂರೂ ದಿನ ಸರಿಯಾಗಿ ಏರಿದ ಮೇಲೆಯೇ ಎಲ್ಲ ಜೀನುಗಳ ಆರ್‌ಎನ್‌ಎಯನ್ನೂ ಒಟ್ಟಿಗೆ ಎಣಿಸುವ ಆರ್‌ಎನ್‌ಎ ಸೀಕ್ವೆನ್ಸಿಂಗಿಗೆ ಕಳಿಸುತ್ತೇವೆ. ವಿಶ್ಲೇಷಣೆಯಲ್ಲಿ ದಿನವನ್ನೂ ಒಂದು ಅಂಶವಾಗಿ ಸೇರಿಸಬೇಕು. 20,000 ಜೀನುಗಳಿಗೆ ಹಲವು ಪರೀಕ್ಷೆಗಳಿಗೆಂದು ತಿದ್ದದ ಪಿ ಮೌಲ್ಯದ ಮಿತಿ 0.05 ಇಟ್ಟರೆ ಏನೂ ನಡೆಯದೆಯೇ, ಬರೀ ಆಕಸ್ಮಿಕವಾಗಿ, ಸುಮಾರು 1,000 ಜೀನು ಪಟ್ಟಿಗೆ ಬರುತ್ತವೆ.

ಪಟ್ಟಿ ಕೈಗೆ ಬಂದ ಮೇಲೆ ನೇರವಾಗಿ ಓಗೊಟ್ಟವು ಯಾವು, ಮೊದಲು ಹುಟ್ಟಿದ ಪ್ರೋಟೀನಿನ ಮೂಲಕ ಎದ್ದವು ಯಾವು ಎಂದು ಬೇರ್ಪಡಿಸಲು ಪ್ರೋಟೀನು ತಯಾರಿ ನಿಲ್ಲಿಸುವ ಸೈಕ್ಲೋಹೆಕ್ಸಿಮೈಡ್, ಮಿಲಿಗೆ 10 ಮೈಕ್ರೋಗ್ರಾಂ, ಇಜಿಎಫ್‌ಗೆ ಅರ್ಧ ಗಂಟೆ ಮೊದಲು. ಪ್ರೋಟೀನು ತಯಾರಿ ನಿಂತರೂ ಏರುವವು ನೇರ. ಆದರೆ ಈ ಔಷಧ ತಾನೊಂದೇ ಫಾಸ್‌ನ ಆರ್‌ಎನ್‌ಎ ಕೊಳೆಯದಂತೆ ತಡೆದು ಪ್ರಮಾಣ ಏರಿಸುತ್ತದೆ, ಆದ್ದರಿಂದ ಅದನ್ನು ಮಾತ್ರ ಹಾಕಿದ ಡಿಶ್ ಜೊತೆಗಿರಲಿ. ಕೊನೆಗೆ ಇಜಿಎಫ್‌ಆರ್ ತಡೆಯುವ ಔಷಧ ಜೆಫಿಟಿನಿಬ್, 1 ಮೈಕ್ರೋಮೋಲಾರ್, ಒಂದು ಗಂಟೆ ಮೊದಲು. ಅದರಿಂದ ಏರಿಕೆ ನಿಂತ ಜೀನುಗಳನ್ನು ಮಾತ್ರ ಇಜಿಎಫ್‌ಆರ್ ಲೆಕ್ಕಕ್ಕೆ ಬರೆಯುತ್ತೇವೆ.