ಮಳೆಗಾಲಕ್ಕೆ ಬೀನ್ಸ್ ಎತ್ತಿಡುವುದು: ನಾನು ಮಾಡುವ ಕ್ರಮ

ನಮ್ಮ ಮನೆ ಮಡಿಕೇರಿಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ನಡುವೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಆಗಸ್ಟ್ ಮುಗಿಯುವವರೆಗೂ ಹಿತ್ತಲಲ್ಲಿ ಹಸಿ ತರಕಾರಿ ಸಿಗುವುದು ಕಷ್ಟ. ಕೆಸು, ಕಣಿಲೆ (ಎಳೆ ಬಿದಿರಿನ ಮೊಳಕೆ), ಅಣಬೆ ಇರುತ್ತವೆ, ಅದು ಬೇರೆ ಮಾತು. ಬೀನ್ಸ್ ಗಿಡ ಮಾತ್ರ ಈ ಮಳೆಗೆ ನಿಲ್ಲುವುದಿಲ್ಲ. ಹೂವು ಉದುರುತ್ತದೆ, ಬುಡ ಕೊಳೆಯುತ್ತದೆ. ಶುಕ್ರವಾರದ ಸಂತೆಗೆ ಬಯಲುಸೀಮೆ ಕಡೆಯಿಂದ ಬರುವ ಬೀನ್ಸ್ ಗೋಣಿಯಲ್ಲೇ ನೆನೆದು ಚುಕ್ಕೆ ಹಿಡಿದಿರುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಬಂದ್ ಆದಾಗ ಅದೂ ಇರಲಿಲ್ಲ. ಆಮೇಲಿಂದ ಬೇಸಿಗೆ ಬೆಳೆಯನ್ನು ಮಳೆಗಾಲಕ್ಕೆ ಎತ್ತಿಡುವುದನ್ನು ನಾನು ಬಿಟ್ಟಿಲ್ಲ.

ಬೇಸಿಗೆಯಲ್ಲಿ ಬೀನ್ಸ್‌ಗೆ ಬರ ಇಲ್ಲ. ಭತ್ತ ಕೊಯ್ದ ಮೇಲೆ ಗದ್ದೆಯ ಒಂದು ಮೂಲೆಯಲ್ಲಿ ಜನವರಿಯಲ್ಲಿ ಗಿಡ ಬೀನ್ಸ್ ಹಾಕುತ್ತೇವೆ. ಐವತ್ತು ದಿನದ ಹೊತ್ತಿಗೆ ಕಾಯಿ ಶುರು. ಕಾಫಿಗೆ ಹೂಮಳೆ ಬೀಳುವ ಸಮಯಕ್ಕೆ ಒಟ್ಟೊಟ್ಟಿಗೆ ಬಂದು, ಮನೆಯಲ್ಲಿ ತಿಂದು, ಅಕ್ಕಪಕ್ಕಕ್ಕೆ ಕೊಟ್ಟರೂ ಮಿಗುತ್ತದೆ. ಆ ಮಿಕ್ಕಿದ್ದೇ ಫ್ರೀಜರ್‌ಗೆ.

ಸುಮಾರು ಜನ ಬೀನ್ಸ್ ಹೆಚ್ಚಿ, ಕವರ್‌ಗೆ ತುಂಬಿ, ಸುಮ್ನೆ ಫ್ರೀಜರ್‌ನಲ್ಲಿ ಇಟ್ಟುಬಿಡುತ್ತಾರೆ. ಆಮೇಲೆ ತೆಗೆದಾಗ ಒಣಹುಲ್ಲಿನ ವಾಸನೆ, ನಾರು ನಾರು, ಬಣ್ಣವೂ ಮಂಕು. ಫ್ರೀಜರ್ ಸರಿಯಿಲ್ಲ ಅಂತ ಬೈಯುತ್ತಾರೆ. ನನ್ನ ಅನುಭವದಲ್ಲಿ ಬೀನ್ಸ್ ಚೆನ್ನಾಗಿ ಉಳಿಯುತ್ತದೋ ಇಲ್ಲವೋ ಅನ್ನುವುದು ಫ್ರೀಜರ್ ಬಾಗಿಲು ತೆಗೆಯುವ ಮೊದಲೇ ತೀರ್ಮಾನ ಆಗಿರುತ್ತದೆ. ಕುದಿನೀರು, ಐಸ್ ನೀರು, ಒರೆಸುವ ಬಟ್ಟೆ, ಈ ಮೂರರಲ್ಲೇ ಎಲ್ಲ ಇದೆ.

ಕಿತ್ತ ಕಾಯಿಯೊಳಗೆ ಎಂಜೈಮ್‌ಗಳು ಇರುತ್ತವೆ. ಕಾಯಿ ಬಲಿಯುವುದು, ಹಣ್ಣಾಗುವುದು ಇವುಗಳಿಂದಲೇ. ಚಳಿಗೆ ಅವು ನಿಧಾನ ಆಗುತ್ತವೆ, ನಿಲ್ಲುವುದಿಲ್ಲ. ಫ್ರೀಜರ್ ಒಳಗೂ ಅವುಗಳ ಕೆಲಸ ಸಣ್ಣಗೆ ನಡೆದೇ ಇರುತ್ತದೆ. ರುಚಿ, ಬಣ್ಣ, ಸತ್ವ ಎಲ್ಲ ಹಾಳಾಗುವುದು ಹಾಗೆ. ಕುದಿನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿದರೆ ಮಾತ್ರ ಅವು ನಿಲ್ಲುತ್ತವೆ. ಇದಕ್ಕೇ ಬ್ಲಾಂಚಿಂಗ್ ಅನ್ನುವುದು. ಅರೆಬರೆ ಮಾಡಿದರೆ ಇನ್ನೂ ಕಷ್ಟ. ಬರೀ ಬೆಚ್ಚಗಾದ ಎಂಜೈಮ್ ಜಾಸ್ತಿ ಚುರುಕಾಗುತ್ತದೆ. ಅಂಥ ಬೀನ್ಸ್‌ಗಿಂತ ನೀರಿಗೇ ಹಾಕದ ಬೀನ್ಸ್ ವಾಸಿ.

ಕಾಯಿ ಆರಿಸುವುದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬೆಳಿಗ್ಗೆ ಬಿಸಿಲು ಏರುವ ಮೊದಲು ಕೀಳುತ್ತೇನೆ. ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರೆ ಟಕ್ ಅಂತ ಮುರಿಯಬೇಕು. ಮುರಿದ ಜಾಗದಲ್ಲಿ ಸಣ್ಣ ನೀರಿನ ಹನಿ ಕಾಣಬೇಕು. ಒಳಗಿನ ಬೀಜ ಅಕ್ಕಿಕಾಳಿಗಿಂತ ದೊಡ್ಡದಿರಬಾರದು. ಹೊರಗಿಂದಲೇ ಬೀಜದ ಉಬ್ಬು ಕಾಣುತ್ತಿದ್ದರೆ ಅದನ್ನು ಬದಿಗಿಟ್ಟು ಅವತ್ತಿನ ಸಾರಿಗೆ ಹಾಕುತ್ತೇನೆ. ಬಗ್ಗಿಸಿದರೆ ಮುರಿಯದೆ ಬಳುಕುವ ಕಾಯಿ ಯಾವ ಕಾರಣಕ್ಕೂ ಬೇಡ. ಸಂತೆಯಿಂದ ತರುವವರು ಬೆಳಿಗ್ಗೆಯೇ ಹೋಗಿ, ನಾಲ್ಕು ಕಾಯಿ ಮುರಿದು ನೋಡಿ ತನ್ನಿ. ಕಿತ್ತದ್ದಾಗಲಿ ತಂದದ್ದಾಗಲಿ ಅದೇ ದಿನ ಕೆಲಸ ಮುಗಿಸಬೇಕು.

ತೊಳೆದು, ಎರಡೂ ತುದಿ ತೆಗೆದು, ನಾರಿದ್ದರೆ ಎಳೆದು, ಬೆರಳಿನ ಒಂದು ಗೆಣ್ಣಿನಷ್ಟು ಉದ್ದಕ್ಕೆ ಹೆಚ್ಚುತ್ತೇನೆ. ಪಲ್ಯಕ್ಕೆ ಹೆಚ್ಚುವ ಹಾಗೆ ಸಣ್ಣಗೆ ಬೇಡ. ಕತ್ತರಿಸಿದ ಬಾಯಿ ಜಾಸ್ತಿ ಆದಷ್ಟೂ ಸತ್ವ ಕುದಿನೀರಿಗೆ ಹೋಗುತ್ತದೆ. ತುಂಡುಗಳೆಲ್ಲ ಹೆಚ್ಚುಕಮ್ಮಿ ಒಂದೇ ದಪ್ಪ ಇದ್ದರೆ ಒಂದೇ ಸಮ ಬೇಯುತ್ತವೆ.

ಅರ್ಧ ಕಿಲೋ ಬೀನ್ಸ್‌ಗೆ ನಾಲ್ಕು ಲೀಟರ್ ನೀರು. ಇದು ಜಾಸ್ತಿ ಅನ್ನಿಸಬಹುದು. ಆದರೆ ನೀರು ಕಡಿಮೆ ಇದ್ದರೆ ಬೀನ್ಸ್ ಬಿದ್ದ ಕೂಡಲೇ ಕುದಿ ನಿಂತುಹೋಗುತ್ತದೆ, ಮತ್ತೆ ಕುದಿ ಬರುವಷ್ಟರಲ್ಲಿ ಬೀನ್ಸ್ ಬೆಂದಿರುತ್ತದೆ. ಹಾಕಿದ ಒಂದು ನಿಮಿಷದ ಒಳಗೆ ನೀರು ಮತ್ತೆ ಕುದಿಯಬೇಕು. ಕುದಿಯದಿದ್ದರೆ ನೀವು ಹಾಕಿದ್ದು ಜಾಸ್ತಿ ಅಂತ ಅರ್ಥ. ನಮ್ಮ ಗ್ಯಾಸ್ ಒಲೆಯಲ್ಲಿ ಕಾಲು ಕಿಲೋ ಹಾಕಿದರೆ ಸರಿಯಾಗುತ್ತದೆ. ಹಂಡೆ ಒಲೆಯಲ್ಲಿ ಸೌದೆ ಉರಿ ಚೆನ್ನಾಗಿದ್ದ ದಿನ ಅರ್ಧ ಕಿಲೋ ಧೈರ್ಯವಾಗಿ ಹಾಕುತ್ತೇನೆ. ಹಳೆಯ ತೆಳು ಪಂಚೆಯ ತುಂಡಿನಲ್ಲಿ ಬೀನ್ಸ್ ಸಡಿಲವಾಗಿ ಕಟ್ಟಿ ಮುಳುಗಿಸಿದರೆ ಎತ್ತುವುದು ಸುಲಭ. ಜಾಲರಿ ಸೌಟಿನಲ್ಲಿ ಹುಡುಕಿ ಹುಡುಕಿ ತೆಗೆಯುವಷ್ಟರಲ್ಲಿ ಕೊನೆಯ ತುಂಡು ಮೆತ್ತಗಾಗಿರುತ್ತದೆ.

ಕುದಿ ಮರಳಿದ ಮೇಲೆ 3 ನಿಮಿಷ. ಫೋನ್‌ನಲ್ಲಿ ಅಲಾರಾಂ ಇಟ್ಟುಕೊಳ್ಳಿ, ಅಂದಾಜು ಬೇಡ. ಎತ್ತರದ ಜಾಗ ಅಲ್ವಾ, ಇನ್ನೂ ಜಾಸ್ತಿ ಹೊತ್ತು ಬೇಕಾಗುತ್ತಾ ಅಂತ ಕೆಲವರು ಕೇಳುತ್ತಾರೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಆದರೂ ಒಂದು ನಿಮಿಷ ಸೇರಿಸಬೇಕಾಗುವುದು 1,500 ಮೀಟರ್‌ ದಾಟಿದ ಜಾಗಗಳಲ್ಲಿ. ನಮಗೆ ಮೂರೇ ಸಾಕು.

ಹಸಿರು ಉಳಿಯಲಿ ಅಂತ ಅಡುಗೆ ಸೋಡಾ ಹಾಕುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ದಯವಿಟ್ಟು ಹಾಕಬೇಡಿ. ಬಣ್ಣ ಏನೋ ಕಣ್ಣು ಕುಕ್ಕುವ ಹಾಗೆ ಬರುತ್ತದೆ, ಆದರೆ ಕಾಯಿ ಮುದ್ದೆಯಾಗುತ್ತದೆ, ವಿಟಮಿನ್ ಸಿ ಹಾಳಾಗುತ್ತದೆ. ನೀರು ಧಾರಾಳ ಇದ್ದು ಮೂರೇ ನಿಮಿಷಕ್ಕೆ ಎತ್ತಿದರೆ ಸೋಡಾ ಇಲ್ಲದೆಯೇ ಒಳ್ಳೆಯ ಹಸಿರು ಬರುತ್ತದೆ.

ಅಲಾರಾಂ ಹೊಡೆದ ತಕ್ಷಣ ಐಸ್ ನೀರಿಗೆ. ಇಲ್ಲಿ ಜಿಪುಣತನ ಮಾಡಬಾರದು. ಕೊಡಗಿನ ಬಾವಿ ನೀರು ತಣ್ಣಗೇ ಇರುತ್ತದಲ್ಲ ಅನ್ನಬಹುದು. ಮಾರ್ಚ್‌ ತಿಂಗಳಲ್ಲಿ ಆ ತಂಪು ಸಾಲುವುದಿಲ್ಲ. ಬಿಸಿ ಬೀನ್ಸ್ ಬಿದ್ದ ಕೂಡಲೇ ನೀರು ಉಗುರುಬೆಚ್ಚಗಾಗಿ, ಅದರಲ್ಲೇ ಬೀನ್ಸ್ ಬೇಯುತ್ತಾ ಹೋಗುತ್ತದೆ. ಒಂದು ಕಿಲೋ ಬೀನ್ಸ್‌ಗೆ ಒಂದು ಕಿಲೋ ಐಸ್ ಲೆಕ್ಕ. ಐಸ್ ಟ್ರೇ ಇದಕ್ಕೆ ಯಾವ ಮೂಲೆಗೂ ಸಾಲದು. ಹಿಂದಿನ ರಾತ್ರಿಯೇ ಸ್ಟೀಲ್ ಡಬ್ಬಗಳಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿ ಇಟ್ಟಿರುತ್ತೇನೆ. ಬೇಯಿಸಿದಷ್ಟೇ ಹೊತ್ತು, ಅಂದರೆ ಮೂರು ನಿಮಿಷ ತಣಿಸಬೇಕು. ಒಂದು ತುಂಡು ತೆಗೆದು ಮುರಿದು, ಮಧ್ಯಭಾಗವನ್ನು ತುಟಿಗೆ ತಾಗಿಸಿ ನೋಡುತ್ತೇನೆ. ಅಲ್ಲೂ ತಣ್ಣಗಿದ್ದರೆ ಆಯಿತು. ಅದಕ್ಕಿಂತ ಜಾಸ್ತಿ ನೀರಿನಲ್ಲಿ ಬಿಟ್ಟರೆ ರುಚಿ ತೊಳೆದುಹೋಗುತ್ತದೆ.

ಆಮೇಲೆ ಒರೆಸುವ ಕೆಲಸ. ಬೇಸರ ಹಿಡಿಸುವ ಕೆಲಸ ನಿಜ, ಆದರೆ ನಾನು ಜಾಸ್ತಿ ಹೊತ್ತು ಕೊಡುವುದು ಇದಕ್ಕೇ. ಜರಡಿಯಲ್ಲಿ ಬಸಿದು, ದಪ್ಪ ಹತ್ತಿ ಟವೆಲ್ ಮೇಲೆ ಹರಡಿ, ಮೇಲಿಂದ ಇನ್ನೊಂದು ಬಟ್ಟೆ ಒತ್ತುತ್ತೇನೆ. ಹೊರಗೆ ಒಣಗಿದ ಹಾಗೆ ಕಂಡರೂ ಕತ್ತರಿಸಿದ ಬಾಯಿಯಲ್ಲಿ ನೀರು ಕೂತಿರುತ್ತದೆ. ಟವೆಲ್‌ನ ಎರಡು ಕೊನೆ ಹಿಡಿದು ಆ ಕಡೆ ಈ ಕಡೆ ಉರುಳಿಸಿದರೆ ಅದೂ ಇಳಿಯುತ್ತದೆ. ಉಳಿದ ಪ್ರತಿ ಹನಿಯೂ ಒಳಗೆ ಐಸ್ ಆಗಿ ಬೀನ್ಸ್‌ಗಳನ್ನು ಒಂದಕ್ಕೊಂದು ಅಂಟಿಸುತ್ತದೆ.

ಒರೆಸಿದ್ದನ್ನು ಅಗಲ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರ್‌ನಲ್ಲಿ ಇಡುತ್ತೇನೆ. ಕಲ್ಲಿನ ಹಾಗೆ ಗಟ್ಟಿಯಾದ ತಕ್ಷಣ ತೆಗೆದು ಜಿಪ್ ಕವರ್‌ಗೆ. ಹೀಗೆ ಮಾಡಿದರೆ ತುಂಡುಗಳು ಬಿಡಿಬಿಡಿಯಾಗಿರುತ್ತವೆ, ಬೇಕಾದಾಗ ಒಂದು ಹಿಡಿ ತೆಗೆಯಬಹುದು. ಬೇಗ ಹೆಪ್ಪುಗಟ್ಟುವುದರಿಂದ ಇನ್ನೊಂದು ಲಾಭ ಇದೆ. ನಿಧಾನವಾಗಿ ಹೆಪ್ಪುಗಟ್ಟಿದರೆ ಐಸ್ ಹರಳು ದೊಡ್ಡದಾಗಿ ಕಾಯಿಯ ಒಳಗನ್ನು ಸೀಳುತ್ತದೆ, ಕರಗಿದ ಮೇಲೆ ಬೀನ್ಸ್ ಜೋಲುತ್ತದೆ. ಅದಕ್ಕೇ ಒಂದೇ ದಿನ ನಾಲ್ಕೈದು ಕಿಲೋ ತುರುಕಬಾರದು. ಮನೆಯ ಫ್ರಿಜ್‌ಗೆ ದಿನಕ್ಕೆ ಒಂದು ಕಿಲೋ ಹಿತ.

ಕವರ್‌ನಲ್ಲಿ ಗಾಳಿ ಇರಬಾರದು. ತುಂಬಿದ ಕವರ್‌ನ ಬಾಯಿ ಮಾತ್ರ ಮೇಲಿರುವ ಹಾಗೆ ಬಕೆಟ್ ನೀರಿನಲ್ಲಿ ನಿಧಾನವಾಗಿ ಇಳಿಸಿ. ನೀರೇ ನಾಲ್ಕು ಕಡೆಯಿಂದ ಒತ್ತಿ ಗಾಳಿಯನ್ನು ಹೊರಗೆ ತಳ್ಳುತ್ತದೆ. ಆಗ ಜಿಪ್ ಎಳೆದು, ಹೊರಗೆ ಒರೆಸಿ, ದಿನಾಂಕ ಬರೆದು ಇಡಿ. ಅಂಗಡಿಯ ತೆಳು ಕವರ್‌ನಲ್ಲಿಟ್ಟರೆ ತೇವ ಹಾರಿ ಬೀನ್ಸ್ ಮೇಲೆ ಬಿಳಿ ಒಣ ಮಚ್ಚೆ ಬೀಳುತ್ತದೆ. ನಮ್ಮ ಕಡೆ ಫ್ರೀಜರ್ ಅಂದರೆ ಹಂದಿ ಮಾಂಸ, ಮೀನು ಇದ್ದೇ ಇರುತ್ತದೆ. ತರಕಾರಿ ಯಾವಾಗಲೂ ಮೇಲೆ, ಮಾಂಸ ಕೆಳಗೆ. ಕರೆಂಟ್ ಹೋಗಿ ಏನಾದರೂ ಸೋರಿದರೂ ಬೀನ್ಸ್ ಮೇಲೆ ಬೀಳಬಾರದು.

ಮಳೆಗಾಲದ ಕರೆಂಟ್ ವಿಷಯ ಕೊಡಗಿನವರಿಗೆ ಹೇಳಬೇಕಿಲ್ಲ. ಮರ ಬಿದ್ದರೆ ಲೈನ್ ಸರಿಯಾಗುವುದು ಯಾವಾಗಲೋ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಸುಮಾರು 48 ಗಂಟೆ ತಂಪು ಹಿಡಿಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಇದು ದೊಡ್ಡ ಫ್ರೀಜರ್ ಲೆಕ್ಕ, ಫ್ರಿಜ್ ಮೇಲಿನ ಸಣ್ಣ ಖಾನೆಗೆ ಅಷ್ಟು ನಂಬಬೇಡಿ. ಬೀನ್ಸ್ ಖಾಲಿಯಾದಂತೆ ಆ ಜಾಗಕ್ಕೆ ನಾನು ನೀರಿನ ಬಾಟಲಿ ಇಡುತ್ತಾ ಹೋಗುತ್ತೇನೆ, ಐಸ್ ಹಿಗ್ಗುವುದಕ್ಕೆ ಮೇಲೆ ಸ್ವಲ್ಪ ಖಾಲಿ ಬಿಟ್ಟು. ಒಂದು ಲೋಟದಲ್ಲಿ ನೀರು ಗಟ್ಟಿ ಮಾಡಿ ಮೇಲೊಂದು ನಾಣ್ಯ ಇಟ್ಟಿರುತ್ತೇನೆ. ಊರಿಗೆ ಹೋಗಿ ಬಂದಾಗ ನಾಣ್ಯ ತಳಕ್ಕೆ ಇಳಿದಿದ್ದರೆ ಒಳಗಿನದೆಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಅಂತ ಗೊತ್ತಾಗುತ್ತದೆ. ಅಂಥದ್ದನ್ನು ಎಸೆದುಬಿಡುತ್ತೇನೆ. ಬೀನ್ಸ್‌ನಲ್ಲಿ ಇನ್ನೂ ಐಸ್ ಹರಳು ಉಳಿದಿದ್ದರೆ ಮತ್ತೆ ಫ್ರೀಜ್ ಮಾಡಬಹುದು, ಸ್ವಲ್ಪ ಮೆತ್ತಗಾಗುತ್ತದೆ ಅಷ್ಟೆ.

ಮೈನಸ್ 18 ಡಿಗ್ರಿ ಇದ್ದರೆ ಎಂಟರಿಂದ ಹನ್ನೆರಡು ತಿಂಗಳು ಗುಣ ಕೆಡುವುದಿಲ್ಲ. ಸಿಂಗಲ್ ಡೋರ್ ಫ್ರಿಜ್‌ನ ಐಸ್ ಖಾನೆ ಎಷ್ಟೋ ಸಲ ಅಷ್ಟು ತಣ್ಣಗಾಗುವುದಿಲ್ಲ. ಅಂಥ ಕಡೆ ಇಟ್ಟದ್ದನ್ನು ತಿಂಗಳೊಳಗೆ ಬಳಸಿ. ಫ್ರಿಜ್ ಮೇಲೆ ಅಂಟಿಸಿರುವ ವಿದ್ಯುತ್ ಉಳಿತಾಯದ ಸ್ಟಾರ್ ನೋಡಿ ತಂಪು ಅಳೆಯಬೇಡಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಅಡುಗೆ ಮಾಡುವಾಗ ಕರಗಿಸಲು ಇಡಬಾರದು. ಒಗ್ಗರಣೆ ಸಿಡಿದ ಮೇಲೆ ಫ್ರೀಜರ್‌ನಿಂದ ನೇರ ಬಾಣಲೆಗೆ, ಉರಿ ಜೋರು, ನೀರು ಹಾಕುವುದು ಬೇಡ. ಆಗಲೇ ಮೂರು ನಿಮಿಷ ಬೆಂದಿರುವುದರಿಂದ ಬೇಗ ಆಗುತ್ತದೆ. ಕೊನೆಗೆ ತೆಂಗಿನ ತುರಿ. ಅಕ್ಕಿ ರೊಟ್ಟಿ ಜೊತೆ ಇಟ್ಟರೆ ಮಾರ್ಚ್‌ನಲ್ಲಿ ಕಿತ್ತ ಬೀನ್ಸ್ ಅಂತ ನಮ್ಮ ಮನೆಗೆ ಬಂದವರಿಗೆ ಗೊತ್ತಾಗುವುದಿಲ್ಲ. ಕೋಸಂಬರಿ, ಸಲಾಡ್‌ಗೆ ಮಾತ್ರ ಇದು ಆಗದು, ಹಸಿ ಕಾಯಿಯ ಕರುಕರು ಬರುವುದಿಲ್ಲ.

ಫ್ರೀಜರ್ ಇಲ್ಲದವರು ಮಾವಿನಕಾಯಿಯ ಹಾಗೆ ಬಾಟಲಿಯಲ್ಲಿ ತುಂಬಿಡಬಹುದಾ ಅಂತ ಕೇಳುತ್ತಾರೆ. ಬರೀ ನೀರಿನಲ್ಲೋ ಎಣ್ಣೆಯಲ್ಲೋ ಮುಳುಗಿಸಿ ಮುಚ್ಚಳ ಬಿಗಿದು ಹೊರಗಿಡಬೇಡಿ. ಬೀನ್ಸ್‌ನಲ್ಲಿ ಹುಳಿ ಇಲ್ಲ. ಗಾಳಿ ಇಲ್ಲದ ಬಾಟಲಿಯೊಳಗೆ ಬೊಟುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ಅದರ ವಿಷ ಜೀವಕ್ಕೇ ಅಪಾಯ. ಅದರ ಬೀಜಾಣುಗಳು ಸಾಮಾನ್ಯ ಕುದಿನೀರಿಗೆ ಸಾಯುವುದಿಲ್ಲ.

ಇದೇ ಕ್ರಮದಲ್ಲಿ ಹಸಿ ಬಟಾಣಿಗೆ ಒಂದೂವರೆ ನಿಮಿಷ, ಹೆಚ್ಚಿದ ಕ್ಯಾರೆಟ್‌ಗೆ ಎರಡು, ಹೂಕೋಸಿಗೆ ಮೂರು ನಿಮಿಷ ಸಾಕು. ಕಣಿಲೆಗೆ ಮಾತ್ರ ಈ ಲೆಕ್ಕ ಹಾಕಬೇಡಿ. ಅದರಲ್ಲಿ ಸಯನೈಡ್ ಅಂಶ ಇರುತ್ತದೆ. ಎಂದಿನಂತೆ ಹೆಚ್ಚಿ ನೀರಲ್ಲಿ ನೆನೆಸಿ, ನೀರು ಬದಲಿಸಿ, ಪೂರ್ತಿ ಬೇಯಿಸಿ ಬಸಿದ ಮೇಲೆಯೇ ಫ್ರೀಜರ್‌ಗೆ ಇಡಬೇಕು.